ಒಂದೂವರೆ ದಿನದ ಸೀರೆ

ಹಾಸುನೂಲು ಸುತ್ತಿದ ಬೀಮು ಏರಿಸಿ, ಎಳೆ ಕಟ್ಟಿ, ಎಲ್ಲ ಸಜ್ಜಾದ ಮೇಲೆ ಒಂಬತ್ತು ಗಜದ ದಡಿ ಸೀರೆಯೊಂದನ್ನು ವಿದ್ಯುತ್ ಮಗ್ಗದಿಂದ ಇಳಿಸಲು ಒಂದೂವರೆ ದಿನ ಸಾಕು. ಕರೆಂಟು ಹೋಗಿ ಬಂದು ಮಾಡಿದರೆ ಎರಡು ದಿನ. ನನ್ನ ಅಣ್ಣ ಚಿತ್ರ ಬರೆದುಕೊಟ್ಟ ಸೀರೆಗೆ ನಾನು ಆರು ತಿಂಗಳು ತೆಗೆದುಕೊಂಡೆ. ಆ ಆರು ತಿಂಗಳು ಹೇಗೆ ಹೋದವು ಎಂಬುದನ್ನು ಯಾರಿಗೂ ಹೇಳಿಲ್ಲ. ಕೇಳುವ ಹಕ್ಕಿದ್ದವರು ಒಬ್ಬರೂ ಈಗ ಉಳಿದಿಲ್ಲ. ಆದರೂ ಹೇಳದೆ ಹೋಗಲು ಮನಸ್ಸು ಒಪ್ಪುತ್ತಿಲ್ಲ.

ನಮ್ಮ ತಂದೆ ಕೃಷ್ಣಾ ನದಿಯ ಆಚೆಯಿಂದ ಇಚಲಕರಂಜಿಗೆ ಬಂದ ನೇಕಾರ. ಕೈಮಗ್ಗ ಬಿಟ್ಟು, ತಗಡಿನ ಮಾಡಿನ ಕೆಳಗೆ ಎರಡು ವಿದ್ಯುತ್ ಮಗ್ಗ ಹಾಕಿ, ಅವು ಸರಿಯಾಗಿ ಓಡತೊಡಗಿದ ವರ್ಷವೇ ತೀರಿಕೊಂಡ. ನಾನು ಮ್ಯಾಟ್ರಿಕ್‌ವರೆಗೆ ಓದಿ ಮಗ್ಗಕ್ಕೆ ನಿಂತೆ. ನನಗಿಂತ ನಾಲ್ಕು ವರ್ಷ ದೊಡ್ಡವನಾದ ಅಣ್ಣ ಏಳನೆಯ ಇಯತ್ತೆಗೇ ಶಾಲೆ ಬಿಟ್ಟು ಕೊಲ್ಹಾಪುರಕ್ಕೆ ಹೋಗಿದ್ದ. ಅಲ್ಲಿ ಸಿನಿಮಾ ಬೋರ್ಡು ಬರೆಯುವ ಒಬ್ಬರ ಕೈಕೆಳಗೆ ಬಣ್ಣ ಕಲಸುವುದರಿಂದ ಆರಂಭಿಸಿ, ಕೊನೆಗೆ ಎರಡಾಳು ಎತ್ತರದ ಮುಖಗಳನ್ನು ತಾನೇ ಬರೆಯುವಷ್ಟಾದ. ಹಬ್ಬಕ್ಕೆ ಊರಿಗೆ ಬಂದಾಗ ಅವನ ಉಗುರಿನ ಸಂದಿಯಲ್ಲಿ ನೀಲಿಯೋ ಕೆಂಪೋ ಇರುತ್ತಿತ್ತು. ಅವ್ವ ಅದನ್ನು ಸೀಮೆಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು.

ಅರವತ್ತರ ದಶಕ ಆಗಷ್ಟೇ ಆರಂಭವಾಗಿತ್ತು. ಏಣಿಯ ಮೇಲೆ ನಿಂತಾಗ ಅವನಿಗೆ ಉಸಿರು ಸಿಕ್ಕಿಕೊಳ್ಳತೊಡಗಿತು. ಮೊದಲು ಟರ್ಪಂಟೈನ್ ವಾಸನೆಗೆ ಹಾಗಾಗುತ್ತದೆ ಎಂದುಕೊಂಡರು. ಆಮೇಲೆ ಕಾಲು ಬಾತವು. ನಾನು ಬಸ್ಸು ಹತ್ತಿ ಕೊಲ್ಹಾಪುರಕ್ಕೆ ಹೋಗಿ ಅವನನ್ನು ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದೆ. ಚಿಕ್ಕವನಿದ್ದಾಗ ಮೊಣಕಾಲು ಬಾತು ಜ್ವರ ಬಂದಿತ್ತಲ್ಲ, ಆ ಜ್ವರವೇ ಎದೆಯ ಕವಾಟವನ್ನು ತಿಂದಿದೆ ಎಂದು ಡಾಕ್ಟರು ಹೇಳಿದರು. ನನ್ನನ್ನು ಮಾತ್ರ ಹೊರಗೆ ಕರೆದು ಮರಾಠಿಯಲ್ಲಿ, "ದೋನ್ ಪಾವಸಾಳೆ" ಅಂದರು. ಇನ್ನೆರಡು ಮಳೆಗಾಲ ಎಂದು.

ಅಣ್ಣ ಬಾಕಿನ ಮೇಲೆ ಕುಳಿತಿದ್ದ. ಎಷ್ಟು ಅಂದ್ರು ಎಂದು ಕೇಳಿದ. ಏನೂ ಅನ್ನಲಿಲ್ಲ ಎಂದೆ.

"ನಿನ್ನ ಮಾರಿ ಮ್ಯಾಲ ಬರದೈತಿ," ಅಂದ. "ನಾ ಬೋರ್ಡ್ ಬರಿಯಾಂವಪಾ. ಓದಾಕ ಬರತೈತಿ."

ಹೀಗೆ ಅವನು ಮನೆಗೆ ಬಂದ. ಏಣಿ ಹತ್ತಲಾಗದ ಪೇಂಟರಿಗೆ ಕೊಲ್ಹಾಪುರದಲ್ಲಿ ಕೆಲಸವಿರಲಿಲ್ಲ. ಮಗ್ಗದ ಮನೆಯ ಪಕ್ಕದ ಕೋಣೆಯಲ್ಲಿ, ಹತ್ತಿ ತುಂಬಿದ ಚೀಲಗಳಿಗೆ ಬೆನ್ನು ಕೊಟ್ಟು ಕೂತಿರುತ್ತಿದ್ದ. ಅಡ್ಡಾದರೆ ಉಸಿರು ಕಟ್ಟುತ್ತಿದ್ದುದರಿಂದ ನಿದ್ದೆಯೂ ಕುಳಿತೇ. ಒಂದು ವಾರ ಮಗ್ಗದ ಸದ್ದು ಕೇಳುತ್ತ ಕೂತವನು ಒಂದು ದಿನ, ನಮ್ಮ ಮಗ್ಗಕ್ಕೆ ಎಷ್ಟು ಬಗೆ ಎಳೆ ಎತ್ತಲು ಬರುತ್ತದೆ ಎಂದು ಕೇಳಿದ. ಎರಡರಲ್ಲಿ ಒಂದು ಮಗ್ಗಕ್ಕೆ ಆಗಷ್ಟೇ ಡಾಬಿ ಹಾಕಿಸಿದ್ದೆ. ದಡಿಯಲ್ಲಿ, ಅಂದರೆ ಸೀರೆಯ ಅಂಚಿನಲ್ಲಿ, ಚಿತ್ರ ಮೂಡಿಸುವ ಯಂತ್ರ ಅದು. ಹದಿನಾರು ಎಂದೆ. ಅವನು ಚೌಕದ ಕಾಗದ ತರಿಸಿದ. ಎರಡಾಳು ಎತ್ತರದ ಮುಖ ಬರೆಯುತ್ತಿದ್ದವನು ಸಾಸಿವೆಯಷ್ಟಷ್ಟೇ ಚೌಕಗಳನ್ನು ಪೆನ್ಸಿಲಿನಿಂದ ತುಂಬುತ್ತ ಕೂತ.

ನಮ್ಮಲ್ಲಿ ಕಂಡಿಕೆ ಸುತ್ತಲು ಕಬನೂರಿನಿಂದ ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಕೊಳವೆಗೆ ಕಂಡಿಕೆ ಎನ್ನುತ್ತಾರೆ. ಅವಳು ಹದಿನೇಳಕ್ಕೇ ಗಂಡನನ್ನು ಕಳೆದುಕೊಂಡು ಸೋದರಮಾವನ ಮನೆಯಲ್ಲಿದ್ದಳು. ಆಗ ಇಪ್ಪತ್ತನಾಲ್ಕು ಇರಬಹುದು. ನಮ್ಮಲ್ಲಿಗೆ ಬರತೊಡಗಿ ಎರಡು ವರ್ಷವಾಗಿದ್ದರೂ ಅವಳ ದನಿಯನ್ನು ನಾನು ಸರಿಯಾಗಿ ಕೇಳಿರಲಿಲ್ಲ. ಒಂದು ಮಧ್ಯಾಹ್ನ ಅಣ್ಣ ಕಾಗದವನ್ನು ಗೋಡೆಗೆ ಆನಿಸಿಟ್ಟು ದೂರದಿಂದ ನೋಡುತ್ತಿದ್ದಾಗ, ನೂಲಿನ ಬುಟ್ಟಿ ಹೊತ್ತು ಬಾಗಿಲಲ್ಲಿ ನಿಂತವಳು ಕೇಳದೆಯೇ ಮಾತಾಡಿದಳು.

"ಇದು ಹಕ್ಕಿ ಏನ್ರಿ? ಕುತ್ತಿಗಿನ ಇಲ್ಲ. ಇಕ್ಕಳ ಕಂಡಂಗ ಕಾಣತೈತಿ."

"ಹದಿನಾರು ಎಳಿಯಾಗ ಇಷ್ಟ ಕುತ್ತಿಗಿ ಬರತೈತಿ."

"ಹಂಗಾರ ಅದು ನೀರ ಹ್ಯಾಂಗ ಕುಡೀತೈತ್ರಿ ಪೇಂಟರ್ ಸಾಹೇಬ್ರ?"

ಅಣ್ಣ ನಕ್ಕ. ನಕ್ಕು ಕೆಮ್ಮು ಬಂದು, ಬಹಳ ಹೊತ್ತು ಕೆಮ್ಮಿ, ಮತ್ತೆ ನಕ್ಕ. ಆ ಹಕ್ಕಿಗೆ ಕುತ್ತಿಗೆ ತರಿಸಲು ಅವನು ಎಂಟು ದಿನ ಅಳಿಸಿ ಬರೆದ. ಅವಳು ದಿನವೂ ಬಾಗಿಲಲ್ಲಿ ನಿಂತು ಇಲ್ಲ, ಇನ್ನೂ ಕುಡಿಯುವುದಿಲ್ಲ ಎಂದು ಹೇಳಿ ಹೋಗುತ್ತಿದ್ದಳು. ಒಂಬತ್ತನೆಯ ದಿನ ಬುಟ್ಟಿ ಇಳಿಸಿ ಒಳಗೆ ಬಂದು, ಕಾಗದದ ಮೇಲೆ ಬೆರಳಿಟ್ಟು, ಈಗ ಕುಡೀತೈತ್ರಿ ಅಂದಳು.

ಆಮೇಲಿನದನ್ನು ನಾನು ಮಗ್ಗದ ಹಿಂದಿನಿಂದ ನೋಡಿದವನು. ಅವರು ಏನು ಮಾತಾಡಿಕೊಂಡರು ಎಂಬುದು ಮಗ್ಗದ ಸದ್ದಿನಲ್ಲಿ ನನಗೆ ಕೇಳಲಿಲ್ಲ. ಊಟಕ್ಕೆಂದು ಮಗ್ಗ ನಿಲ್ಲಿಸಿದಾಗ ಅವರೂ ಮಾತು ನಿಲ್ಲಿಸುತ್ತಿದ್ದರು. ಮೊದಲ ಮಳೆಗಾಲ ಕಳೆದು ದೀಪಾವಳಿಯ ಹೊತ್ತಿಗೆ ಅಣ್ಣ ಅವ್ವನಿಗೆ ಹೇಳಿಬಿಟ್ಟ: ಅವಳನ್ನು ಉಡಿಕೆ ಮಾಡಿಕೊಳ್ಳುತ್ತೇನೆ.

ನಮ್ಮಲ್ಲಿ ವಿಧವೆಗೆ ಎರಡನೆಯ ಸಲ ಅಕ್ಕಿಕಾಳು ಹಾಕುವ ಮದುವೆ ಇಲ್ಲ. ಹೊಸ ಸೀರೆ ಕೊಟ್ಟು, ಅದನ್ನು ಉಡಿಸಿ, ಮನೆ ತುಂಬಿಸಿಕೊಳ್ಳುವುದುಂಟು. ಅದಕ್ಕೇ ಉಡಿಕೆ ಎಂದು ಹೆಸರು. ಸೀರೆಯೇ ಮದುವೆ. ವಾಲಗವಿಲ್ಲ, ಕತ್ತಲಾದ ಮೇಲೆ ಮಾಡುತ್ತಾರೆ, ಮುತ್ತೈದೆಯರು ಅಲ್ಲಿ ನಿಲ್ಲುವುದಿಲ್ಲ. ತಪ್ಪೆಂದು ಯಾರೂ ಅನ್ನುವುದಿಲ್ಲ. ಆದರೆ ಉಡಿಕೆಯಾದ ಮನೆಗೆ ಹೆಣ್ಣು ಕೊಡುವಾಗ ಎರಡು ಸಲ ಯೋಚಿಸುತ್ತಾರೆ.

ಮರುದಿನ ಅವ್ವ ಅವಳನ್ನು ಕರೆದು, ಇವನ ಸ್ಥಿತಿ ನಿನಗೆ ಗೊತ್ತಿದೆಯೇ ಎಂದು ಕೇಳಿದಳು.

"ಗೊತ್ತೈತ್ರಿ ಅವ್ವಾರ," ಅಂದಳು ಅವಳು. "ಮೊದಲನೇವ್ರು ಸಾಯೋದು ನನಗ ಗೊತ್ತಿರಲಿಲ್ಲ. ಇದು ಗೊತ್ತೈತಿ. ಅದಕ್ಕ ಅಂಜಿಕಿ ಇಲ್ಲ."

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಒಪ್ಪಿದಳು. ಅಣ್ಣನದು ಒಂದೇ ಹಟ. ಸೀರೆ ಅಂಗಡಿಯದು ಬೇಡ. ಅವಳು ಒಪ್ಪಿದ ಹಕ್ಕಿಯ ದಡಿ ಹಾಕಿ ನಮ್ಮ ಮಗ್ಗದಲ್ಲಿ ನೇಯಬೇಕು, ಅದು ಇಳಿದ ದಿನವೇ ಉಡಿಕೆ. ನೇಯಬೇಕಾದವನು ನಾನು.

ಇಲ್ಲಿಂದ ನನ್ನ ಮಾತು.

ಅದೇ ದೀಪಾವಳಿಯಲ್ಲಿ ನನಗೂ ಹೆಣ್ಣು ನೋಡಿದ್ದರು. ಗಡಹಿಂಗ್ಲಜದ ಬೆಲ್ಲದ ವ್ಯಾಪಾರಿಯ ಮಗಳು. ನಮಗಿಂತ ಮೇಲಿನ ಮನೆ. ಹುಡುಗಿ ಶಾಲೆ ಕಲಿತವಳು. ಓದಿದವನೆಂದು ಮನೆಯ ಮಾತುಕತೆಯನ್ನೆಲ್ಲ ಅವ್ವ ನನಗೇ ಬಿಟ್ಟಿದ್ದಳು. ಹುಡುಗಿಯ ಅಪ್ಪ ನನ್ನನ್ನು ಅಂಗಡಿಯ ಒಳಕೋಣೆಗೆ ಕರೆದು ಚಹಾ ಕೊಟ್ಟು, ಬಹಳ ಮೃದುವಾಗಿ ಹೇಳಿದರು. ಅಣ್ಣನ ಕಾಯಿಲೆ ದೇವರಿಚ್ಛೆ, ಅದಕ್ಕೆ ನಮ್ಮ ಅಡ್ಡಿ ಇಲ್ಲ. ಉಡಿಕೆಯ ಸುದ್ದಿಯೂ ಕಿವಿಗೆ ಬಿದ್ದಿದೆ. ನಿಮ್ಮ ಮದುವೆ ವೈಶಾಖದಲ್ಲಿ. ಅದಾದ ಮೇಲೆ ಏನಾದರೂ ಮಾಡಿಕೊಳ್ಳಿ. ಮೊದಲೇ ಆದರೆ ನಮ್ಮ ನೆಂಟರು ಚಪ್ಪರಕ್ಕೆ ಬರುವುದಿಲ್ಲ, ನಾವೂ ಹೆಣ್ಣು ಕೊಡುವುದಿಲ್ಲ. ನಾನು, ಮೊದಲು ಉಡಿಕೆ ಆಗುವುದಿಲ್ಲ ಬಿಡಿ, ಅದು ನನ್ನ ಕೈಯಲ್ಲಿದೆ ಎಂದೆ. ಆ ಮಾತಾಡುವಾಗ ಸುಳ್ಳು ಹೇಳುತ್ತಿದ್ದೇನೆ ಎಂದು ಅನ್ನಿಸಲಿಲ್ಲ. ನಿಜವಾಗಿಯೂ ನನ್ನ ಕೈಯಲ್ಲಿತ್ತು.

ಅಣ್ಣನಿಗೆ ಹೇಳಿದ್ದರೆ ಅವನು ಕಾಯುತ್ತಿದ್ದ. ಒಂದು ಮಾತೂ ಆಡದೆ ಕಾಯುತ್ತಿದ್ದ. ಅವನ ಆಯುಷ್ಯದಿಂದ ಆರು ತಿಂಗಳು ಕೊಡು ಎಂದು ಬಾಯಿಬಿಟ್ಟು ಕೇಳಬೇಕಾಗುತ್ತಿತ್ತು, ಅಷ್ಟೇ. ಅದನ್ನು ಕೇಳಲಾರದೆ ಕದ್ದೆ.

ಕದಿಯುವುದು ಕಷ್ಟವಿರಲಿಲ್ಲ. ಮಗ್ಗದ ಮೇಲೆ ವ್ಯಾಪಾರಿಯ ಬಿಳಿ ಸೀರೆಗಳ ಬೀಮು ಇತ್ತು. ಅದು ಮುಗಿಯಬೇಕು ಎಂದೆ. ಅದು ನಿಜ. ಮುಗಿದ ಮೇಲೆ ಇನ್ನೊಂದು ಬಿಳಿ ಬೀಮು ಏರಿಸಿದೆ. ಅದು ಬೇಕಾಗಿರಲಿಲ್ಲ. ಆಮೇಲೆ ಬಣ್ಣದ ನೂಲು. ಬಣ್ಣ ಹಾಕುವವನಿಗೆ ಹೇಳಿದ್ದೇನೆ, ಇಂದು ನಾಳೆ ಅನ್ನುತ್ತಿದ್ದಾನೆ ಎಂದೆ. ನಾನು ಅವನ ಬಳಿ ಹೋಗಿಯೇ ಇರಲಿಲ್ಲ. ಮೂರು ವಾರ ಕಾದು ಅಣ್ಣ ತಾನೇ ಟಾಂಗಾ ಹತ್ತಿ ಅವನ ಬಳಿಗೆ ಹೊರಟ, ಅವಳೂ ಜೊತೆಗೆ ಹೋದಳು. ಸೀರೆಯ ಮೈಗೆ ಯಾವ ಬಣ್ಣ ಎಂದು ಅವನು ಕೇಳಿದ್ದಕ್ಕೆ ಅವಳು ಮಾವನ ಹಿತ್ತಲಿನಿಂದ ಒಂದು ಬದನೆ ಹೂವು ಕಿತ್ತು ತಂದಿದ್ದಳು. ಆ ಹೂವನ್ನು ಅಂಗೈಯಲ್ಲಿ ಹಿಡಿದು ಅವಳು, ಹಂಡೆಯ ಕಟ್ಟೆಯ ಮೇಲೆ ಕುಳಿತು ಅವನು, ನೂಲು ಆ ಬಣ್ಣಕ್ಕೆ ಬರುವವರೆಗೂ ಕಾದರಂತೆ. ಬಣ್ಣದವನು ಬೇಸತ್ತು, ಇಷ್ಟು ಚಂದ ಮಾಡಿ ಯಾರಿಗೆ ಉಡಿಸುತ್ತೀರಿ ಎಂದು ಕೇಳಿದನಂತೆ. ಬದನಿ ಗಿಡಕ್ಕ ಎಂದಳಂತೆ ಅವಳು. ಮನೆಗೆ ಬಂದ ಅಣ್ಣ ಇದನ್ನು ಅವ್ವನಿಗೆ ಮೂರು ಸಲ ಹೇಳಿದ. ನಾನು ಬಣ್ಣದವನ ಬಳಿ ಹೋಗಿಯೇ ಇರಲಿಲ್ಲವೆಂಬುದು ಅಲ್ಲಿ ತಿಳಿಯಿತೋ ಇಲ್ಲವೋ, ನನ್ನನ್ನು ಕೇಳಲಿಲ್ಲ.

ನೂಲು ಒಂಬತ್ತು ಗಜಕ್ಕೆ ಸಾಕಾಗಿ ಒಂದಿಷ್ಟು ಉಳಿಯುವಂತಿತ್ತು. ಬಣ್ಣದ ದಡಿಯ ಬೀಮೂ ಏರಿತು. ನನ್ನ ಕೈಯಲ್ಲಿ ನೆವಗಳು ಕಡಿಮೆಯಾಗುತ್ತ ಬಂದವು.

ಡಾಬಿಯ ವಿಷಯ ಸ್ವಲ್ಪ ಹೇಳಬೇಕು. ಕಟ್ಟಿಗೆಯ ಪಟ್ಟಿಗಳನ್ನು ಸರಪಳಿಯ ಹಾಗೆ ಕೋದಿರುತ್ತಾರೆ. ಒಂದೊಂದು ಪಟ್ಟಿಯಲ್ಲೂ ಹದಿನಾರು ತೂತು. ಚಿತ್ರದಲ್ಲಿ ಚೌಕ ತುಂಬಿದ್ದಲ್ಲಿ ಒಂದು ಸಣ್ಣ ಗೂಟ ಬಡಿಯಬೇಕು; ಖಾಲಿ ಇದ್ದಲ್ಲಿ ಬಿಡಬೇಕು. ಗೂಟ ಇದ್ದಲ್ಲಿ ಎಳೆ ಮೇಲೇಳುತ್ತದೆ. ಹೀಗೆ ಪಟ್ಟಿ ಪಟ್ಟಿಯಾಗಿ ಕಾಗದದ ಹಕ್ಕಿ ಬಟ್ಟೆಗೆ ಇಳಿಯುತ್ತದೆ. ಇದು ನನ್ನ ಕೆಲಸ. ಅಣ್ಣ, ತಾವಿಬ್ಬರೇ ಮಾಡುತ್ತೇವೆ ಎಂದ. ಒಂಬತ್ತು ದಿನ, ದಿನಕ್ಕೆ ಅವನ ಉಸಿರು ಕೊಟ್ಟಷ್ಟು ಹೊತ್ತು, ಅವನು ಕಾಗದ ನೋಡಿ ಓದುವುದು, ಅವಳು ಗೂಟ ಬಡಿಯುವುದು. "ಎರಡ ತುಂಬ, ಒಂದ ಖಾಲಿ. ಮೂರ ತುಂಬ." ಅವಳು ಪ್ರತಿ ಗೂಟವನ್ನೂ ಬಡಿದ ಮೇಲೆ ಹೆಬ್ಬೆರಳಿನಿಂದ ಅಲ್ಲಾಡಿಸಿ ನೋಡುತ್ತಿದ್ದಳು. ಅವನಿಗೆ ದಣಿವಾದಾಗ ಇಬ್ಬರೂ ಸುಮ್ಮನೆ ಕೂತಿರುತ್ತಿದ್ದರು. ಆಮೇಲೆ ಅವಳೇ, ಎಲ್ಲಿದ್ದಿವ್ರಿ ಎಂದು ಕೇಳುವಳು. ಕುತ್ತಿಗೆಯ ಹತ್ತಿರ ಎಂದು ಅವನು ಹೇಳುವನು. ಮಗ್ಗದ ಹಿಂದೆ ನಿಂತು ನಾನು ಇದನ್ನೆಲ್ಲ ನೋಡಿದೆ. ಪ್ರೀತಿ ಎಂದರೆ ಏನೆಂದು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ, ಓದಿದ್ದೇನೆ. ನನ್ನ ಕಣ್ಣಿಗೆ ಬರುವುದು ಆ ಹೆಬ್ಬೆರಳು.

ಸಂಕ್ರಾಂತಿ ಮುಗಿದಿತ್ತು. ಅವರು ಪಟ್ಟಿಗಳನ್ನು ನನ್ನ ಕೈಗೆ ಕೊಟ್ಟರು. ನಾಳೆ ಕೂತರೆ ನಾಡಿದ್ದು ಸೀರೆ ಇಳಿಯುತ್ತದೆ. ವೈಶಾಖಕ್ಕೆ ಇನ್ನೂ ಮೂರು ತಿಂಗಳಿತ್ತು.

ಮರುದಿನ ಬೆಳಿಗ್ಗೆ ಮಗ್ಗಕ್ಕೆ ಹಾಕುವ ಮೊದಲು ಇಕ್ಕಳದಿಂದ ಮೂರು ಗೂಟ ಕಿತ್ತೆ. ಗಟ್ಟಿಯಾಗಿದ್ದವು, ಒಂದನ್ನು ಕೀಳಲು ಪಟ್ಟಿಯನ್ನು ಮೊಣಕಾಲಿಗೆ ಒತ್ತಿ ಹಿಡಿಯಬೇಕಾಯಿತು. ಹಕ್ಕಿಯ ಕುತ್ತಿಗೆ ಎಲ್ಲಿದೆ ಎಂದು ನನಗೆ ಗೊತ್ತಿತ್ತು, ಅಲ್ಲಿಂದಲೇ ಕಿತ್ತೆ. ಆಮೇಲೆ ಗಮನಿಸಲಿಲ್ಲ ಎಂಬಂತೆ ಎರಡು ಗಜ ನೇಯ್ದೆ. ಮೈಯಿಂದ ತಲೆ ಬೇರೆಯಾದ ಹಕ್ಕಿಗಳು ಸಾಲಾಗಿ ಇಳಿದು ಬಂದವು.

ಅಣ್ಣನನ್ನು ಕರೆದು ತೋರಿಸಿದೆ. ಅವಳೂ ಬಂದಳು. ಅವನು ಬಟ್ಟೆಯನ್ನು ಬಹಳ ಹೊತ್ತು ಬೆರಳಿನಲ್ಲಿ ಸವರಿದ.

"ಗೂಟ ಸಡಿಲ ಇದ್ದವು ಕಾಣತೈತಿ," ನಾನು ಹೇಳಿದೆ. "ಮಗ್ಗದ ಹೊಡ್ತಕ್ಕ ಉದರ್ಯಾವ."

ಅಣ್ಣ ಅವಳ ಕಡೆ ನೋಡಿದ. ಬೈಯುವ ನೋಟವಲ್ಲ, ಆದರೂ ನೋಡಿದ. ಗೂಟ ಬಡಿದವಳು ಅವಳೇ ಅಲ್ಲವೇ. ಅವಳು ನನ್ನ ಕಡೆ ನೋಡಿದಳು. ಮಗ್ಗದ ಮೇಲಿದ್ದ ಇಕ್ಕಳದ ಕಡೆಯೂ ನೋಡಿದಳು. ಅದನ್ನು ತೆಗೆದಿಡುವುದನ್ನು ನಾನು ಮರೆತಿದ್ದೆ.

"ನಂದ ತಪ್ಪ್ರಿ," ಅಂದಳು. "ಗಟ್ಟಿ ಬಡೀಲಿಲ್ಲ ಕಾಣತೈತಿ."

ಹೆದರಿ ಆಡಿದ ಮಾತಲ್ಲ ಅದು. ಉಳಿದಿರುವ ನಾಲ್ಕು ದಿನದಲ್ಲಿ ಅಣ್ಣತಮ್ಮಂದಿರ ನಡುವೆ ಇದು ಬೇಡ ಎಂದು ಆ ಕ್ಷಣದಲ್ಲೇ ನಿರ್ಧರಿಸಿ, ತಪ್ಪನ್ನು ತನ್ನ ಮಡಿಲಿಗೆ ಹಾಕಿಕೊಂಡಳು. ನಾನು ಹಾಕಿಕೊಳ್ಳಲು ಬಿಟ್ಟೆ.

ಮೂರು ಗೂಟ ಮತ್ತೆ ಬಡಿದಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಅಣ್ಣ ಆ ಬಟ್ಟೆಯನ್ನು ಕತ್ತರಿಸಿಕೊಂಡು ಹೋಗಿ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ. ಎರಡು ದಿನ ಅದನ್ನೇ ನೋಡುತ್ತ ಕೂತ. ಮೂರನೆಯ ದಿನ ಅವಳನ್ನು ಕರೆದು, "ಇದು ಮುರದಿಲ್ಲ. ಹೊಳ್ಳಿ ನೋಡಾಕತ್ತೈತಿ," ಅಂದ. ಹೊಸ ಕಾಗದ ತೆಗೆದುಕೊಂಡು ಆ ಖಾಲಿಯನ್ನು ಹಾಗೆಯೇ ಉಳಿಸಿ, ತಲೆಯನ್ನು ಬೆನ್ನಿನ ಕಡೆಗೆ ತಂದ. ಹಕ್ಕಿ ಹಿಂದಕ್ಕೆ ತಿರುಗಿ, ತನ್ನ ಹಿಂದೆ ಬರುತ್ತಿರುವ ಹಕ್ಕಿಯನ್ನು ನೋಡುವಂತಾಯಿತು. ಸಾಲಿನಲ್ಲಿ ಪ್ರತಿಯೊಂದೂ ಹೀಗೆ ಹಿಂದಿನದನ್ನು ನೋಡುತ್ತ ಮುಂದೆ ಹೋಗುತ್ತಿತ್ತು. ಅದಕ್ಕಿಂತ ಒಳ್ಳೆಯದನ್ನು ಅವನು ಬರೆದಿರಲಿಲ್ಲ. ನನ್ನ ಕಳ್ಳತನ ಅವನ ಕೈಯಲ್ಲಿ ಹಾಗಾಯಿತು. ಅದಕ್ಕೆ ನನ್ನಲ್ಲಿ ಸಮಾಧಾನವಿಲ್ಲ; ಆ ಕಾಗದ ಮುಗಿಯಲು, ಮತ್ತೆ ಗೂಟ ಬಡಿಯಲು ಹೋಳಿ ದಾಟಿತು. ಈಗ ಅವನಿಗೆ ದಿನಕ್ಕೆ ಹತ್ತು ಪಟ್ಟಿ ಓದಲೂ ಉಸಿರು ಸಾಲುತ್ತಿರಲಿಲ್ಲ. ಬೆರಳುಗಳ ತುದಿ ನೀಲಿಯಾಗುತ್ತಿತ್ತು. ಅವ್ವ ಒಮ್ಮೆ ಅಭ್ಯಾಸದಿಂದ ಸೀಮೆಎಣ್ಣೆ ಬಾಟಲಿ ತಂದು, ಅದು ಬಣ್ಣವಲ್ಲ ಎಂದು ಗೊತ್ತಾಗಿ ಹಾಗೇ ನಿಂತುಬಿಟ್ಟಳು.

ಪಟ್ಟಿಗಳು ಸಿದ್ಧವಾದಾಗ ನಾನು, ಮದುವೆಯ ಗಡಿಬಿಡಿ, ಮುಗಿಸಿಕೊಂಡು ಬಂದು ಕೂರುತ್ತೇನೆ ಎಂದೆ. ಅಣ್ಣ, ಹೌದು, ಮೊದಲು ನಿನ್ನದಾಗಲಿ ಎಂದ. ನನ್ನ ಮದುವೆಯ ಚಪ್ಪರಕ್ಕೆ ಕಟ್ಟುವ ಬೋರ್ಡನ್ನು ನಾಲ್ಕು ದಿನ ಕೂತು ತಾನೇ ಬರೆದ. ಗಡಹಿಂಗ್ಲಜಕ್ಕೂ ಬಂದ. ಬೀಗರ ಮನೆಗೆ ಏಳು ಕಲ್ಲಿನ ಮೆಟ್ಟಿಲು. ಎರಡು ಹತ್ತಿ ಇಳಿದುಬಿಟ್ಟ. ಯಾರೋ ಎತ್ತಿಕೊಂಡು ಹೋಗುತ್ತೇವೆ ಎಂದರೆ ಬೇಡವೆಂದು, ಕೆಳಗಿನ ಕಟ್ಟೆಯ ಮೇಲೆ ಕೂತು, ಇಲ್ಲಿಂದ ಎಲ್ಲ ಕಾಣುತ್ತದೆ ಎಂದ. ನಾನು ಮೇಲೆ ಬಾಸಿಂಗ ಕಟ್ಟಿಕೊಂಡು ನಿಂತಾಗ ಕೆಳಗೆ ಅವನ ತಲೆ ಮಾತ್ರ ಕಾಣುತ್ತಿತ್ತು. ಅವಳು ಬಂದಿರಲಿಲ್ಲ. ಅವಳನ್ನು ಕರೆಯಬೇಕೆಂದು ಯಾರಿಗೂ ತೋಚಿರಲಿಲ್ಲ.

ಊರಿಗೆ ಮರಳಿದ ಮೂರನೆಯ ದಿನ ನಾನು ಮಗ್ಗಕ್ಕೆ ನಿಂತೆ. ಇನ್ನು ಕಾರಣವಿರಲಿಲ್ಲ, ಕೈ ಚುರುಕಾಗಿ ಓಡಿತು. ಕಂಡಿಕೆಗಳನ್ನು ಅವಳೇ ಸುತ್ತಿ ಒಂದೊಂದಾಗಿ ಕೈಗೆ ಕೊಟ್ಟಳು. ಆರು ಗಜ ಇಳಿಯುವಾಗ ಅವಳ ಬುಟ್ಟಿ ಖಾಲಿಯಾಯಿತು. ಹಾಳು ಮಾಡಿದ ಎರಡು ಗಜ ತಿಂದ ನೂಲು, ಆಮೇಲೆ ತಪ್ಪಿಹೋದದ್ದು, ಕಡಿದದ್ದು ಎಲ್ಲ ಸೇರಿ ಒಂಬತ್ತಕ್ಕೆ ಸಾಲಲಿಲ್ಲ. ಬಣ್ಣದವನ ಬಳಿಗೆ ಓಡಿದೆ. ಅವನು ಮಾಡಿಕೊಟ್ಟದ್ದು ಬೇರೆಯೇ ಬಣ್ಣ. ಹಂಡೆಯ ಬಳಿ ಹೂವು ಹಿಡಿದು ಕೂರಲು ಅಣ್ಣನಿಗೆ ಈಗ ಆಗುತ್ತಿರಲಿಲ್ಲ.

ನಮ್ಮ ಹೆಂಗಸರು ಉಡುತ್ತಿದ್ದುದು ಒಂಬತ್ತು ಗಜದ ಸೀರೆ. ಆರು ಗಜದ್ದನ್ನು ಪಾತಳ ಎನ್ನುತ್ತಿದ್ದರು. ಶಾಲೆ ಕಲಿತ ಹುಡುಗಿಯರು ಉಡುವಂಥದ್ದು, ಮಗ್ಗದ ಮನೆಯಲ್ಲಿ ಯಾರಿಗೂ ಅದನ್ನು ಉಡಲು ಬರುತ್ತಿರಲಿಲ್ಲ. ನಾನು, ಇನ್ನೊಂದು ವಾರ ನೋಡೋಣ, ಬೇರೆ ಬಣ್ಣದವನನ್ನು ಕೇಳುತ್ತೇನೆ ಎಂದೆ. ಆ ಸಲ ನೆವವಾಗಿ ಹೇಳಲಿಲ್ಲ. ಆದರೆ ಅವಳು ಕತ್ತರಿ ತಂದಿದ್ದಳು.

"ಇಲ್ಲಿಗೇ ಕೊಯ್ರಿ," ಅಂದಳು.

ಕೊಯ್ದೆ.

ಉಡಿಕೆಯನ್ನು ಕತ್ತಲಲ್ಲಿ ಮಾಡುವುದು ಪದ್ಧತಿ ಎಂದು ಅವಳ ಸೋದರಮಾವ ಹೇಳಿದರು. ಅಣ್ಣ ಒಪ್ಪಲಿಲ್ಲ. ದೀಪದಲ್ಲಿ ಬದನೆ ಹೂವಿನ ಬಣ್ಣ ಕಪ್ಪಾಗಿ ಕಾಣುತ್ತದೆ, ಹಗಲೇ ಆಗಬೇಕು ಎಂದ. ಬೆಳಿಗ್ಗೆ ಹತ್ತರ ಹೊತ್ತಿಗೆ ಅವನ ಕೋಣೆಯಲ್ಲೇ ಸೇರಿದೆವು. ಅವ್ವ, ಸೋದರಮಾವ, ಕಬನೂರಿನ ಇಬ್ಬರು ಮುದುಕಿಯರು, ನಾನು. ಮುದುಕಿಯರು ಸೀರೆಯನ್ನು ಬಿಡಿಸಿ, ಸುತ್ತಿ, ಮತ್ತೆ ಬಿಡಿಸಿದರು. ಸೆರಗು ಬರುವಷ್ಟರಲ್ಲಿ ಸೀರೆ ಮುಗಿಯುತ್ತಿತ್ತು. ಅವಳು ತಲೆ ತಗ್ಗಿಸಿ ನಿಂತಿದ್ದಳು.

ಆಗ ಬಾಗಿಲ ಹೊರಗಿನಿಂದ ನನ್ನ ಹೆಂಡತಿ ಒಳಗೆ ಬಂದಳು. ಮದುವೆಯಾಗಿ ಹದಿನೈದು ದಿನವೂ ಆಗಿರಲಿಲ್ಲ, ಕೈಯ ಹಸಿರು ಬಳೆ ಇನ್ನೂ ಹೊಸವು. ಮುತ್ತೈದೆ ಇಲ್ಲಿ ನಿಲ್ಲಬಾರದು ಎಂದು ಒಬ್ಬ ಮುದುಕಿ ಹೇಳಿದಳು.

"ನಾ ಉಡಸ್ತೇನ್ರಿ," ಅಂದಳು ನನ್ನ ಹೆಂಡತಿ. "ಸಾಲ್ಯಾಗ ದಿನಾ ಇದನ್ನ ಉಡತಿದ್ದೆ."

ತನ್ನಪ್ಪ ಹಾಕಿದ ಷರತ್ತು ಅವಳಿಗೆ ಗೊತ್ತಿರಲಿಲ್ಲ. ಕೊನೆಯವರೆಗೂ ನಾನು ಹೇಳಲಿಲ್ಲ. ಅವಳು ಮೊಣಕಾಲೂರಿ ನಿರಿಗೆ ಹಿಡಿದು, ದಡಿಯ ಹಕ್ಕಿಗಳು ಎದುರಿಗೆ ಬರುವಂತೆ ಸರಿಮಾಡಿ, ಸೆರಗನ್ನು ಹೆಗಲಿಗೆ ಏರಿಸಿದಳು. ಆಮೇಲೆ ತನ್ನ ಹಣೆಯಿಂದಲೇ ಬೆರಳಿಗೆ ಕುಂಕುಮ ತೆಗೆದುಕೊಂಡು ಅವಳ ಹಣೆಗೆ ಇಟ್ಟಳು. ಅಣ್ಣ ಚೀಲಗಳಿಗೆ ಒರಗಿ ನೋಡುತ್ತಿದ್ದ. ಕೈಸನ್ನೆ ಮಾಡಿ, ಬೆಳಕಿನ ಕಡೆಗೆ ತಿರುಗಲು ಹೇಳಿದ.

ಹದಿನೆಂಟು ದಿನ.

ಆ ಹದಿನೆಂಟು ದಿನ ಅವನು ಚೀಲಗಳಿಗೆ ಒರಗಲಿಲ್ಲ. ಅವಳು ಬೆನ್ನು ಕೊಟ್ಟು ಕೂರುತ್ತಿದ್ದಳು. ಅವಳ ಬೆನ್ನಿಗೆ ತನ್ನ ಬೆನ್ನು ಆನಿಸಿ ಅವನು ನಿದ್ದೆ ಹೋಗುತ್ತಿದ್ದ. ಹಾಗೆ ಕೂತೇ ಅವಳು ಮುಂದೆ ರಾಟೆ ಇಟ್ಟುಕೊಂಡು, ಅವನಿಗೆ ಎಚ್ಚರವಾಗದಂತೆ ನಿಧಾನವಾಗಿ ಕಂಡಿಕೆ ಸುತ್ತುವಳು. ಅವನು ಎಚ್ಚರವಿದ್ದಾಗ ಚೌಕದ ಕಾಗದದಲ್ಲಿ ಒಂದೇ ಚಿತ್ರ ತುಂಬಿದ: ರಾಟೆಯ ಮುಂದೆ ಕೂತ ಅವಳು. ನನಗೆ ತೋರಿಸಿ, ಇದು ನಿನ್ನ ಡಾಬಿಯಲ್ಲಿ ಬರುವುದಿಲ್ಲ ಬಿಡು ಎಂದು ನಕ್ಕ. ಮನೆಯಲ್ಲಿ ಅಷ್ಟು ಸಂತೋಷವನ್ನು ನಾನು ಹಿಂದೆಂದೂ ಕಂಡಿರಲಿಲ್ಲ; ಮುಂದೆಯೂ ಕಾಣಲಿಲ್ಲ. ಸಂಕ್ರಾಂತಿಯಿಂದ ಇದು ಇರಬಹುದಿತ್ತು. ದೀಪಾವಳಿಯಿಂದಲೂ.

ಎರಡನೆಯ ಮಳೆಗಾಲದ ಮೊದಲ ಮಳೆ ಬಂದು ನಾಲ್ಕನೆಯ ದಿನ, ಬೆಳಗಿನ ಚಹಾದ ಹೊತ್ತಿನಲ್ಲಿ, ಅವನು ಅವಳ ಬೆನ್ನಿಗೆ ಒರಗಿದ್ದಾಗಲೇ ಹೋದ. ತಗಡಿನ ಮೇಲೆ ಮಳೆ, ಪಕ್ಕದಲ್ಲಿ ಮಗ್ಗ. ತನ್ನ ಬೆನ್ನಿಗೆ ಭಾರ ಹೆಚ್ಚಾಯಿತು, ಹಾಗೆ ಗೊತ್ತಾಯಿತು ಎಂದು ಆಮೇಲೆ ಅವ್ವನಿಗೆ ಹೇಳಿದಳು.

ಕಾರ್ಯಗಳೆಲ್ಲ ಮುಗಿದ ಮೇಲೆ ಅವಳು ಗಡಹಿಂಗ್ಲಜದಲ್ಲಿದ್ದ ಚಿಕ್ಕಮ್ಮನ ಮನೆಗೆ ಹೊರಟಳು. ಅವ್ವ ಇರೆಂದಳು, ನನ್ನ ಹೆಂಡತಿಯೂ ಇರೆಂದಳು. ನಾನು ಹೇಳಲಿಲ್ಲ. ಅವಳ ಟ್ರಂಕು ಹೊತ್ತು ಬಸ್ ಸ್ಟ್ಯಾಂಡಿಗೆ ಹೋದೆ. ಬಸ್ಸಿನ ಮೇಲೆ ಟ್ರಂಕು ಏರಿಸಿ ಕೆಳಗಿಳಿದಾಗ ಅವಳು ಕಿಟಕಿಯ ಪಕ್ಕ ಕೂತಿದ್ದಳು. ನನ್ನ ಕಡೆ ನೋಡದೆ, ಎದುರಿನ ಸೀಟಿನ ಬೆನ್ನನ್ನು ನೋಡುತ್ತ ಹೇಳಿದಳು:

"ಗೂಟ ಗಟ್ಟಿ ಇದ್ದವ್ರಿ ಮೈದನಾರ."

ಅಷ್ಟೇ. ಸಿಟ್ಟಿರಲಿಲ್ಲ. ಮೈದುನ ಎಂದು ಅವಳು ನನ್ನನ್ನು ಕರೆದದ್ದು ಅದೊಂದೇ ಸಲ. ಆ ಹದಿನೆಂಟು ದಿನದಲ್ಲಿ ನಾನು ಅವಳನ್ನು ಒಮ್ಮೆಯೂ ಅತ್ತಿಗೆಯೆಂದು ಬಗೆದು ವೈನಿ ಎಂದು ಕರೆದಿರಲಿಲ್ಲ. ಹೌದು ವೈನಿ, ಗಟ್ಟಿ ಇದ್ದವು ಎನ್ನಲು ಎಷ್ಟು ಹೊತ್ತು ಬೇಕು. ಬಸ್ಸು ಹೊರಡಲು ಇನ್ನೂ ಹತ್ತು ನಿಮಿಷವಿತ್ತು. ನಾನು ಕಂಡಕ್ಟರನ ಜೊತೆ ಮಳೆಯ ವಿಷಯ ಮಾತಾಡಿದೆ.

ಆ ಪಟ್ಟಿಗಳು ಮಗ್ಗದ ಮೇಲೇ ಇದ್ದವು. ಒಬ್ಬ ವ್ಯಾಪಾರಿ ನೋಡಿ ಆ ದಡಿಯನ್ನೇ ಕೇಳಿದ. ನೇಯ್ದುಕೊಟ್ಟೆ. ಹುಪರಿಯ ಕಡೆಯ ಹೆಂಗಸರು ಹೊಳ್ಳಿ ನೋಡುವ ಹಕ್ಕಿ ಬೇಕೆಂದು ಹೆಸರು ಹಿಡಿದು ಕೇಳುತ್ತಾರೆ ಎಂದು ಅವನು ಹೇಳಿದ. ಯಾರು ಬರೆದದ್ದು ಎಂದು ಕೇಳಿದವರಿಗೆ ನಮ್ಮ ಮನೆಯದು ಎಂದೆ. ನಾಚಿಕೆಯಾಗಿ ನಿಲ್ಲಿಸಿದೆ ಎಂದು ಬರೆಯಬಹುದಿತ್ತು, ಹಾಗಲ್ಲ. ಎರಡು ವರ್ಷದ ಮೇಲೆ ಜನ ಬೇರೆ ದಡಿ ಕೇಳತೊಡಗಿದರು, ನಿಂತಿತು.

ಅವಳು ಗಡಹಿಂಗ್ಲಜದಲ್ಲಿ ಹೊಲಿಗೆ ಮಾಡುತ್ತ ಉಳಿದಳು. ಬೀಗರ ಮನೆಯಿಂದ ಎರಡೇ ಓಣಿ. ವರ್ಷಕ್ಕೊಮ್ಮೆ ಹೋದಾಗ ನನ್ನ ಹೆಂಡತಿ ಅವಳ ಮನೆಗೆ ಹೋಗಿ ಬರುತ್ತಿದ್ದಳು. ನಾನು ಬೀಗರ ಕಟ್ಟೆಯ ಮೇಲೆ, ಅಣ್ಣ ಕೂತಿದ್ದ ಜಾಗದಲ್ಲಿ ಕೂತಿರುತ್ತಿದ್ದೆ. ಎದ್ದು ಹೋಗಬೇಕೆಂದು ಎಷ್ಟೋ ಸಲ ಚಪ್ಪಲಿ ಮೆಟ್ಟಿದ್ದೇನೆ. ಹೀಗೆ ವರ್ಷಗಳು ಹೋದವು, ಹೆಂಡತಿಯೂ ಹೋದಳು.

ಕೊನೆಗೆ ಅವಳು ತೀರಿಕೊಂಡ ಸುದ್ದಿ ಬಂದಾಗ ನಾನು ಪೆಟ್ಟಿಗೆ ತೆಗೆದೆ. ಅಣ್ಣ ಗೋಡೆಗೆ ತೂಗುಹಾಕಿದ್ದ ಆ ಎರಡು ಗಜ ತುಂಡು ನನ್ನ ಹತ್ತಿರ ಉಳಿದಿತ್ತು. ಅದನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ನಮ್ಮವರ ರೀತಿಯಂತೆ ಅವಳನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಆ ಆರು ಗಜದ ಸೀರೆ ಉಡಿಸಿದ್ದರು. ಅದನ್ನೇ ಉಡಿಸಬೇಕೆಂದು ಹೇಳಿಟ್ಟಿದ್ದಳಂತೆ. ಬಣ್ಣ ಮಾಸಿತ್ತು, ಹಕ್ಕಿಗಳು ಕಾಣುತ್ತಿದ್ದವು. ನಮ್ಮಲ್ಲಿ ಸಂಬಂಧಿಕರು ಒಬ್ಬೊಬ್ಬರಾಗಿ ಬಂದು ಸತ್ತವರಿಗೆ ಒಂದು ಬಟ್ಟೆ ಹೊದಿಸುವುದು ಪದ್ಧತಿ. ಬಾಗಿಲಲ್ಲಿ ಕೂತಿದ್ದ ಹೆಂಗಸೊಬ್ಬಳು, ನೀವು ಯಾರಾಗಬೇಕು ಎಂದು ಕೇಳಿದಳು.

"ಮೈದುನ," ಎಂದೆ.

ದಾರಿ ಬಿಟ್ಟಳು. ನಾನು ಬಗ್ಗಿ ಆ ತುಂಡನ್ನು ಅವಳ ಮಡಿಲಿನ ಮೇಲೆ ಹೊದಿಸಿದೆ. ಅದೇ ಹೆಂಗಸು ಬಂದು ಮಡಿಕೆ ಬಿಡಿಸಿ ಸರಿಮಾಡಿದಳು. ಮಾಡುತ್ತ ದಡಿಯನ್ನು ನೋಡಿ ಕೈ ನಿಲ್ಲಿಸಿದಳು.

"ಇದೆಂಥಾ ಹಕ್ಕಿರೀ ಅಜ್ಜಾರ? ಎಲ್ಲಾದರ ಕುತ್ತಿಗಿ ಮುರದಾವ."

"ನಾನ ಮುರದದ್ದವ್ವಾ," ಎಂದೆ.

ಮುದುಕನ ಮಾತು ಎಂದುಕೊಂಡಳೋ ಏನೋ, ತಲೆಯಾಡಿಸಿದಳು. ನನ್ನ ಹಿಂದೆ ಇನ್ನೂ ನಾಲ್ಕೈದು ಜನ ಬಟ್ಟೆ ಹಿಡಿದು ನಿಂತಿದ್ದರು. ನಾನು ಪಕ್ಕಕ್ಕೆ ಸರಿದೆ.